ವಿಕ್ಯೂಇ ಲೂಪಿನೊಳಗೆ ಕ್ವಾಂಟಂ ಯಂತ್ರ: ಸ್ಲರ್ಮ್ ಜಾಬ್ ಗಂಟೆಗಟ್ಟಲೆ ಸುಮ್ಮನೆ ಕೂಡುತ್ತದೆ, ಉತ್ತರ −1.07 ಬರುತ್ತದೆ

ಸಪ್ತಾಪುರ_ಬಾವಿ (ಪ್ರಶ್ನೆ)

ಧಾರವಾಡದ ಒಂದು ವಿಭಾಗದ ಸಣ್ಣ ಕ್ಲಸ್ಟರ್ ಮೇಲೆ ಕ್ವಾಂಟಂ ಮತ್ತು ಕ್ಲಾಸಿಕಲ್ ಎರಡೂ ಸೇರಿದ ಕೋಡ್ ಓಡಿಸಬೇಕಿದೆ. ವಿಧಾನ ವಿಕ್ಯೂಇ: ಕ್ವಾಂಟಂ ಯಂತ್ರ ಅಣುವಿನ ಶಕ್ತಿ ಅಳೆಯುತ್ತದೆ, ಮಾಮೂಲಿ ಕಂಪ್ಯೂಟರ್ ಆ ಶಕ್ತಿ ಕನಿಷ್ಠವಾಗುವಂತೆ ಸರ್ಕ್ಯೂಟ್‌ನ ಪ್ಯಾರಾಮೀಟರ್‌ಗಳನ್ನು ತಿದ್ದುತ್ತ ಹೋಗುತ್ತದೆ. ಸಾಮಗ್ರಿ ಹೀಗಿದೆ: 4 ನೋಡ್, ಪ್ರತಿಯೊಂದರಲ್ಲಿ 32 ಕೋರ್, 128 ಜಿಬಿ ಮೆಮೊರಿ. ಒಂದು ನೋಡ್‌ನಲ್ಲಿ ಮಾತ್ರ 24 ಜಿಬಿಯ ಒಂದು ಜಿಪಿಯು. ನಡುವೆ 1 ಗಿಗಾಬಿಟ್ ಈಥರ್ನೆಟ್. ಜಾಬ್‌ಗಳನ್ನು ಪಾಳಿಗೆ ಹಚ್ಚುವ ಶೆಡ್ಯೂಲರ್ ಸ್ಲರ್ಮ್. ಕ್ವಾಂಟಂ ಕಡೆ ಕಿಸ್ಕಿಟ್ ಲೈಬ್ರರಿ, ಮತ್ತು ಐಬಿಎಂನ ಉಚಿತ ಯೋಜನೆಯಲ್ಲಿ 28 ದಿನಕ್ಕೆ ಸಿಗುವ 10 ನಿಮಿಷ.

ಲೆಕ್ಕ ಲಿಥಿಯಂ ಹೈಡ್ರೈಡ್‌ದು. ಎರಡು ಪರಮಾಣುಗಳ ಅಂತರ 1.6 ಆಂಗ್ಸ್ಟ್ರಾಮ್, ಎಸ್‌ಟಿಒ-3ಜಿ ಬೇಸಿಸ್ (ಕಕ್ಷೆಗಳನ್ನು ಬರೆಯಲು ಬಳಸುವ ಸಣ್ಣ ಫಲನ ಸಮೂಹ). ಲಿಥಿಯಂನ ಒಳ ಕಕ್ಷೆಯನ್ನು ಫ್ರೀಜ್ ಮಾಡಿ, ಬಂಧದಲ್ಲಿ ಪಾಲಿಲ್ಲದ ಎರಡು ಪೈ ಕಕ್ಷೆಗಳನ್ನು ತೆಗೆದು, ಪ್ಯಾರಿಟಿ ಮ್ಯಾಪಿಂಗ್‌ನಿಂದ (ಕಕ್ಷೆಗಳನ್ನು ಕ್ಯೂಬಿಟ್‌ಗೆ ಹೊಂದಿಸುವ ಒಂದು ಕ್ರಮ) 4 ಕ್ಯೂಬಿಟ್‌ಗೆ ಇಳಿಸಿದೆ. ಆಪ್ಟಿಮೈಜರ್ ಎಸ್‌ಪಿಎಸ್‌ಎ, 100 ಸುತ್ತು, ಒಂದೊಂದು ಅಳತೆಗೆ 4000 ಶಾಟ್ (ಸರ್ಕ್ಯೂಟನ್ನು ಅಷ್ಟು ಸಲ ಓಡಿಸಿ ಓದುವುದು). ಎಂಪಿಐನಲ್ಲಿ (ಪ್ರೋಸೆಸ್‌ಗಳು ಪರಸ್ಪರ ಸಂದೇಶ ಕಳಿಸುವ ವ್ಯವಸ್ಥೆ) 8 ಪ್ರೋಸೆಸ್, ಜಿಪಿಯು ನೋಡ್ ಸೇರಿಸಿ ಹೆಟ್‌ಜಾಬ್ ಆಗಿ, ಅಂದರೆ ಬೇರೆ ಬೇರೆ ಬಗೆಯ ಸಂಪನ್ಮೂಲ ಕೇಳುವ ಒಂದೇ ಜಾಬ್ ಆಗಿ, ಕೊಟ್ಟೆ.

ಆಗುತ್ತಿರುವುದು ಇಷ್ಟು. ಜಾಬ್ ಶುರುವಾದ ಮೇಲೆ ಜಿಪಿಯು ಬಳಕೆ 0 ಶೇಕಡಾದಲ್ಲೇ ನಿಲ್ಲುತ್ತದೆ, ಕೊನೆಗೆ ವಾಲ್‌ಟೈಮ್ (ಜಾಬ್‌ಗೆ ಕೊಟ್ಟ ಗರಿಷ್ಠ ಹೊತ್ತು) ಮುಗಿದು ಸ್ಲರ್ಮ್ ಕೊಲ್ಲುತ್ತದೆ. ಕ್ವಾಂಟಂ ಕಡೆಯ ಪಟ್ಟಿಯಲ್ಲಿ ಒಂದೇ ಸರ್ಕ್ಯೂಟ್ ಎಂಟೆಂಟು ಸಲ ಕಾಣುತ್ತದೆ. ಮೊದಲ ಸುತ್ತು ಮುಗಿಯುವ ಮೊದಲೇ ತಿಂಗಳ 10 ನಿಮಿಷ ಖಾಲಿ. ಇವನ್ನೆಲ್ಲ ಬಿಟ್ಟು ಸಿಮ್ಯುಲೇಟರ್‌ನಲ್ಲಿ ಓಡಿಸಿದರೆ ಉತ್ತರ −1.07 ಹಾರ್ಟ್ರೀ (ಪರಮಾಣು ಮಟ್ಟದ ಶಕ್ತಿಯ ಏಕಮಾನ), ಬರಬೇಕಾದದ್ದು −7.88.

ಎಲ್ಲಿ ತಪ್ಪಿದೆ? ಜೋಡಣೆಯನ್ನೇ ಬದಲಿಸಬೇಕೆ?

---

ಉಣಕಲ್_ರ‍್ಯಾಂಕ್_ಸೊನ್ನೆ

ಮೊದಲ ಆ −1.07 ಮುಗಿಸಿಬಿಡೂಣ್ರಿ, ಅದು ಸಣ್ಣದು. ಕೋಡ್ ತಪ್ಪಿಲ್ಲ, ಕೂಡಿಸೂದು ಬಿಟ್ಟೀರಿ. ನಿಮ್ಮ ಹ್ಯಾಮಿಲ್ಟೋನಿಯನ್ (ಅಣುವಿನ ಶಕ್ತಿಯ ಸೂತ್ರ) ಒಳಗ ಈಗ ಉಳಿದದ್ದು ಎರಡ ಎಲೆಕ್ಟ್ರಾನ್ ಅಷ್ಟ. ಫ್ರೀಜ್ ಮಾಡಿದ ಒಳಕಕ್ಷೆಯ ಶಕ್ತಿ ಸುಮಾರು −7.796 ಹಾರ್ಟ್ರೀ, ಅದು ಬ್ಯಾರೆ ಸ್ಥಿರಾಂಕ ಆಗಿ ಹೊರಗ ಕೂತೈತಿ. ಎರಡು ನ್ಯೂಕ್ಲಿಯಸ್ ಒಂದಕ್ಕೊಂದು ತಳ್ಳೂದು ಇನ್ನೊಂದು: 1.6 ಆಂಗ್ಸ್ಟ್ರಾಮ್ ಅಂದ್ರ 3.024 ಬೋರ್, ವಿದ್ಯುದಂಶ 3 ಮತ್ತ 1, ಹಂಗಾದ್ರ 3 ಭಾಗಿಲೆ 3.024, ಅಂದ್ರ 0.992. ಈಗ ಕೂಡಸ್ರಿ: −1.077, −7.796, ಮ್ಯಾಲ 0.992. −7.881 ಬಂತು. ಮುಗೀತು.

ಈ ಎರಡು ಸ್ಥಿರಾಂಕ ಕೋಡಿನ ಒಳಗ ಎಲ್ಲೆರ ಹುಗಿದಿಟ್ಟು ಮರೀಬ್ಯಾಡ್ರಿ. ಫಲಿತಾಂಶದ ಫೈಲಿನ್ಯಾಗ ಮೂರು ಕಾಲಂ ಇರಲಿ: ಅಳೆದದ್ದು, ಸ್ಥಿರಾಂಕ, ಒಟ್ಟು. ಇನ್ನೊಂದು ಸಂಖ್ಯೆ ಗೋಡೆಗೆ ಬರದಿಟ್ಕೋರಿ: ಹಾರ್ಟ್ರೀ-ಫಾಕ್, ಅಂದ್ರ ಎಲೆಕ್ಟ್ರಾನ್ ಒಂದಕ್ಕೊಂದು ಬರೇ ಸರಾಸರಿಯಾಗಿ ಕಾಣತಾವು ಅಂತ ಹಿಡದ ಸರಳ ಲೆಕ್ಕ, −7.862. ನಿಖರ ಉತ್ತರಕ್ಕೂ ಅದಕ್ಕೂ ನಡುವ ಇರೋದು 20 ಮಿಲಿಹಾರ್ಟ್ರೀ ಅಷ್ಟ. ನಿಮ್ಮ ಇಡೀ ವಿಕ್ಯೂಇ ಹೊಡದಾಡೋದು ಆ 20ರ ಸಲುವಾಗಿ. −7.862ಕ್ಕಿಂತ ಮ್ಯಾಲ ಬಂದ್ರ ಏನೂ ಮಾಡದ ಕೂತಿದ್ರನ ಛಲೋ ಇತ್ತು ಅಂತ ಅರ್ಥ.

ಈಗ ಖರೇ ಸಮಸ್ಯೆ. ಲೂಪಿನ ಒಳಗ ಕ್ವಾಂಟಂ ಯಂತ್ರ ಇಟ್ಟೀರಲ್ಲ, ಅದರ ಲೆಕ್ಕ ಒಮ್ಮೆ ಪೆನ್ನು ಹಿಡದು ಮಾಡ್ರಿ.

4 ಕ್ಯೂಬಿಟ್‌ನ ಈ ಹ್ಯಾಮಿಲ್ಟೋನಿಯನ್‌ದಾಗ 100 ಪೌಲಿ ಪದ (ಬ್ಯಾರೆ ಬ್ಯಾರೆ ಅಳೀಬೇಕಾದ ತುಂಡು) ಅದಾವು. ಒಂದ ಅಳತಿಯೊಳಗ ಕೂಡೂವಂಥವನ್ನ ಗುಂಪು ಮಾಡಿದ್ರ 25 ಗುಂಪು. ಐಬಿಎಂನವರು 2017ರಾಗ ನೇಚರ್ ಪತ್ರಿಕೆಯೊಳಗ ಇದ ಅಣುವನ್ನ ಇದ 25 ಗುಂಪಿಲೆ ಮಾಡಿ ತೋರಿಸಿದ್ರು. ಗುಂಪಿಗೆ 4000 ಶಾಟ್ ಹಿಡದ್ರ ಒಂದು ಶಕ್ತಿ ಅಳೀಲಿಕ್ಕೆ 1 ಲಕ್ಷ ಶಾಟ್. ಶಾಟ್ ಶಾಟಿನ ನಡುವ ಕ್ಯೂಬಿಟ್ ತಣ್ಣಗಾಗಿ ಸೊನ್ನಿಗೆ ಬರಲಿಕ್ಕೆ ಬಿಡೋ ಹೊತ್ತು ಸೇರಿಸಿ ಸುಮಾರು 250 ಮೈಕ್ರೋಸೆಕೆಂಡ್ ಹಿಡೀರಿ: 25 ಸೆಕೆಂಡ್. ಹತ್ತು ನಿಮಿಷ ಅಂದ್ರ 600 ಸೆಕೆಂಡ್. ಅಂದ್ರ ತಿಂಗಳಿಗೆ 24 ಸಲ ಶಕ್ತಿ ಅಳೀಬಹುದು, ಮುಗೀತು.

ಎಸ್‌ಪಿಎಸ್‌ಎ ಒಂದು ಸುತ್ತಿಗೆ 2 ಅಳತಿ ಕೇಳತೈತಿ, ಪ್ಯಾರಾಮೀಟರ್ ಎಷ್ಟ ಇರಲಿ. 100 ಸುತ್ತಿಗೆ 200. ಅದಕ್ಕೂ ಮೊದಲ ಹೆಜ್ಜಿ ಎಷ್ಟು ದೊಡ್ಡದಿರಬೇಕು ಅಂತ ನೋಡ್ಕೊಳ್ಳಲಿಕ್ಕೆ ಕಿಸ್ಕಿಟ್‌ನ ಎಸ್‌ಪಿಎಸ್‌ಎ 25 ಜೋಡಿ, ಅಂದ್ರ 50 ಅಳತಿ ಸುಮ್ಮ ಖರ್ಚು ಮಾಡತೈತಿ. ನಿಮ್ಮ 24 ಆ ಕ್ಯಾಲಿಬ್ರೇಶನ್‌ನ ಅರ್ಧಕ್ಕ ಮುಗದ ಹೋದವು. ಮ್ಯಾಲ 8 ರ‍್ಯಾಂಕೂ (ಎಂಪಿಐ ಪ್ರೋಸೆಸ್) ಅದನ್ನ ಕಳಸ್ಯಾವು, ಹಂಗಾಗಿ ಮೂರನೇ ಅಳತಿಗೇ ಖಾಲಿ. ಪೂರಾ ಓಟಕ್ಕ ಬೇಕಾದ್ದು 250 ಅಳತಿ, 6250 ಸೆಕೆಂಡ್, ನೂರು ನಿಮಿಷದ ಮ್ಯಾಲ.

ಇನ್ನ ಕ್ಯೂ. ಸೆಷನ್ ಅಂದ್ರ ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಲೇನ್ ಇದ್ದಂಗ, ಒಮ್ಮೆ ಒಳಗ ಹೊಕ್ಕರ ನಡುವ ಯಾರೂ ಅಡ್ಡ ಬರಂಗಿಲ್ಲ. ಉಚಿತ ಯೋಜನೆಗೆ ಸೆಷನ್ ಇಲ್ಲ. 250 ಜಾಬಿಗೂ 250 ಸಲ ಹೊಳ್ಳಿ ಪಾಳಿ ಹಚ್ಚಬೇಕು. ರೊಕ್ಕ ಕೊಟ್ಟು ಸೆಷನ್ ತಗೊಂಡ್ರೂ ಅದರ ಗಡಿಯಾರ ನಿಮ್ಮ ನೋಡ್ ವಿಚಾರ ಮಾಡೋ ಹೊತ್ತಿನ್ಯಾಗೂ ಓಡತಿರತೈತಿ. ಹಂಗಾಗಿ ಕ್ಲಾಸಿಕಲ್ ಭಾಗ ಚುರುಕಿಲ್ಲದವರು ಸೆಷನ್ ತಗೊಂಡ್ರ ನಷ್ಟ.

ಅದಕ್ಕ ನನ್ನ ಮಾತು: ಆಪ್ಟಿಮೈಜೇಶನ್ ಪೂರಾ ಸಿಮ್ಯುಲೇಟರ್ ಮ್ಯಾಲ ಮುಗಸ್ರಿ. ಅಲ್ಲಿ ನಾಯ್ಸ್ ಇಲ್ಲ, ಎಸ್‌ಪಿಎಸ್‌ಎ ಯಾಕ ಬೇಕು? ಎಲ್‌-ಬಿಎಫ್‌ಜಿಎಸ್ (ಇಳಿಜಾರು ನೋಡಿ ಕನಿಷ್ಠ ಹುಡುಕೋ ವಿಧಾನ) ಹಚ್ಚಿದ್ರ ಕಣ್ಣು ಮುಚ್ಚಿ ತಗಿಯೂದ್ರಾಗ ಆಗತೈತಿ. ಕ್ವಾಂಟಂ ಯಂತ್ರಕ್ಕ ಒಂದ ಒಂದು ಜಾಬ್ ಕಳಸ್ರಿ, ಅದರಾಗ ಮೂರು ಪ್ಯಾರಾಮೀಟರ್ ಸೆಟ್: ಎಲ್ಲಾ ಸೊನ್ನೆ, ನಿಮ್ಮ ಕನಿಷ್ಠ ಬಿಂದು, ಎರಡರ ನಡುವಿನದೊಂದು. 75 ಸೆಕೆಂಡ್.

ಸೊನ್ನೆ ಯಾಕಂದ್ರ ಅದು ನಿಮ್ಮ ತಕ್ಕಡಿ ಪರೀಕ್ಷೆ. ಆದ್ರ ಅದಕ್ಕ ಆನ್ಸಾಟ್ಜ್ (ಕೋನ ಬದಲಸಿ ತಿದ್ದೋ ಸರ್ಕ್ಯೂಟಿನ ಅಚ್ಚು) ಸರಿ ಇರಬೇಕು. ಹಾರ್ಟ್ರೀ-ಫಾಕ್ ಸ್ಥಿತಿಯಿಂದ ಶುರು ಮಾಡಿ ಆರ್‌ವೈ ತಿರುವು, ನಡುವ ಸಿಝಡ್ ಗೇಟ್ ಹಾಕ್ರಿ, ಸಿಎಕ್ಸ್ ಬ್ಯಾಡ್ರಿ. ಕೋನ ಎಲ್ಲಾ ಸೊನ್ನೆ ಇದ್ದಾಗ ಸಿಝಡ್ ಬರೇ ಚಿಹ್ನೆ ಬದಲಸತೈತಿ, ಸ್ಥಿತಿ ಅಲ್ಲೇ ಇರತೈತಿ. ಸಿಎಕ್ಸ್ ಹಾಕಿದ್ರ ಬಿಟ್ ತಿರುಗಿ ಬ್ಯಾರೆ ಸ್ಥಿತಿಗೆ ಹೋಗಿಬಿಡತೈತಿ, ಆಮ್ಯಾಲ −7.862 ಯಾಕ ಬರವಲ್ದು ಅಂತ ತಲಿ ಕೆರಕೊಂತ ಕೂಡಬೇಕು.

---

ಕಪ್ಪತಗುಡ್ಡ_ಗಾಳಿ

ಸ್ಲರ್ಮ್ ಭಾಗ ನಾನು ಹೇಳುತ್ತೇನೆ. ಆದೇಶಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಟರ್ಮಿನಲ್‌ನಲ್ಲಿ ಎಂದಿನ ಅಕ್ಷರದಲ್ಲಿ ಹೊಡೆಯಿರಿ.

ಹೆಟ್‌ಜಾಬ್ ಇಲ್ಲಿ ತಪ್ಪು ಆಯ್ಕೆ. ಅದರ ಎಲ್ಲ ಭಾಗಗಳೂ ಒಟ್ಟಿಗೇ ಶುರುವಾಗುತ್ತವೆ, ಒಂದು ಭಾಗ ಕಾಯುತ್ತಿದ್ದರೆ ಉಳಿದವೂ ಹಿಡಿದುಕೊಂಡೇ ಕಾಯುತ್ತವೆ. ಕ್ವಾಂಟಂ ಯಂತ್ರ ಅದೇ ಕೋಣೆಯಲ್ಲಿದ್ದು ಅದೇ ಸ್ಲರ್ಮ್‌ನ ಕೈಯಲ್ಲಿದ್ದರೆ ಅದಕ್ಕೆ ಅರ್ಥವಿದೆ. ನಿಮ್ಮದು ಇಂಟರ್ನೆಟ್‌ನ ಆಚೆ ತುದಿಯಲ್ಲಿದೆ, ಅಲ್ಲಿನ ಪಾಳಿ ಸ್ಲರ್ಮ್‌ಗೆ ಗೊತ್ತೇ ಇಲ್ಲ. ಸ್ಲರ್ಮ್‌ಗೆ ಸ್ಪ್ಯಾಂಕ್ ಪ್ಲಗಿನ್ ಹಾಕಿ ಕ್ಯೂಪಿಯುವನ್ನು (ಕ್ವಾಂಟಂ ಪ್ರೊಸೆಸರ್) ಒಂದು ಸಂಪನ್ಮೂಲದ ಹಾಗೆ ಕೇಳುವ ವ್ಯವಸ್ಥೆಯೂ ಈಗ ಇದೆ, ಕ್ಯೂಆರ್‌ಎಂಐ ಎಂಬ ಪದರ ಅದರ ಕೆಳಗೆ ಕೆಲಸ ಮಾಡುತ್ತದೆ. ಕೋಡ್ ಚೊಕ್ಕಟವಾಗುತ್ತದೆ ನಿಜ. ಆದರೆ ಅದನ್ನು ಹಾಕಲು ಅಡ್ಮಿನ್ ಒಪ್ಪಬೇಕು, ಮತ್ತು ದೂರದ ಪಾಳಿ ಅದರಿಂದ ಕರಗುವುದಿಲ್ಲ.

ಕೆಲಸವನ್ನು ಮೂರು ತುಂಡು ಮಾಡಿ.

ಮೊದಲ ತುಂಡು ಕ್ಲಾಸಿಕಲ್: ಪೈಎಸ್‌ಸಿಎಫ್‌ನಲ್ಲಿ (ರಸಾಯನ ಲೆಕ್ಕದ ಪೈಥಾನ್ ಲೈಬ್ರರಿ) ಇಂಟಿಗ್ರಲ್, ಮ್ಯಾಪಿಂಗ್, ಗುಂಪು ಮಾಡುವುದು, ಸಿಮ್ಯುಲೇಟರ್ ಮೇಲೆ ಆಪ್ಟಿಮೈಜೇಶನ್. ಇದು ಮಾಮೂಲಿ ಎಸ್‌ಬ್ಯಾಚ್ ಜಾಬ್. ಕೊನೆಯಲ್ಲಿ ಪ್ಯಾರಾಮೀಟರ್‌ಗಳನ್ನೂ ಹ್ಯಾಮಿಲ್ಟೋನಿಯನ್ನನ್ನೂ ಫೈಲಿಗೆ ಬರೆದು ಮುಗಿಯಬೇಕು.

ಎರಡನೆಯದು ಕಳಿಸುವುದು. ಒಂದು ಕೋರ್, 2 ಜಿಬಿ ಸಾಕು. ಎಷ್ಟೋ ಕ್ಲಸ್ಟರ್‌ಗಳಲ್ಲಿ ಕಂಪ್ಯೂಟ್ ನೋಡ್‌ಗೆ ಇಂಟರ್ನೆಟ್ ಇರುವುದಿಲ್ಲ, ಆಗ ಪ್ರೋಗ್ರಾಂ ಎರರ್ ಕೂಡ ಕೊಡದೆ ಟೈಮ್‌ಔಟ್‌ಗೆ ಕಾಯುತ್ತ ಕೂಡುತ್ತದೆ. ನಿಮ್ಮ ಜಾಬ್ ಕೂಡುವುದಕ್ಕೆ ಇದೂ ಒಂದು ಕಾರಣ ಇರಬಹುದು, ಕಂಪ್ಯೂಟ್ ನೋಡ್‌ನಿಂದ ಒಮ್ಮೆ ಕರ್ಲ್ ಹೊಡೆದು ನೋಡಿ. ಇಲ್ಲದಿದ್ದರೆ ಈ ತುಂಡನ್ನು ಲಾಗಿನ್ ನೋಡ್‌ನಲ್ಲೇ ಓಡಿಸಿ, ಅಷ್ಟು ಹಗುರ ಕೆಲಸಕ್ಕೆ ಯಾರೂ ಬೈಯುವುದಿಲ್ಲ. ಟ್ರಾನ್ಸ್‌ಪೈಲ್ (ಸರ್ಕ್ಯೂಟನ್ನು ಯಂತ್ರದ ಗೇಟ್ ಮತ್ತು ಕ್ಯೂಬಿಟ್‌ಗಳಿಗೆ ಹೊಂದಿಸುವುದು) ಕೂಡ ಇಲ್ಲೇ, ಅದೂ ಒಂದೇ ಸಲ. ಪ್ಯಾರಾಮೀಟರ್ ಹೆಸರಾಗಿಯೇ ಉಳಿಯಲಿ, ಸಂಖ್ಯೆಯನ್ನು ಆಮೇಲೆ ತುಂಬಿ. ಸಂಖ್ಯೆ ತುಂಬಿ ಪ್ರತಿ ಸುತ್ತಿಗೂ ಟ್ರಾನ್ಸ್‌ಪೈಲ್ ಮಾಡುವ ಕೋಡ್ ಬಹಳ ಕಂಡಿದೆ. ಹೊತ್ತು ಹೋಗುವುದು ಒಂದು ಕಡೆ, ಪ್ರತಿ ಸಲ ಬೇರೆ ಕ್ಯೂಬಿಟ್‌ಗಳ ಮೇಲೆ ಕೂತು ಒಂದು ಅಳತೆಗೂ ಇನ್ನೊಂದಕ್ಕೂ ಹೋಲಿಕೆಯೇ ಇಲ್ಲದಂತಾಗುವುದು ಇನ್ನೊಂದು ಕಡೆ.

ಜಾಬ್ ಐಡಿ ಕೈಗೆ ಬಂದ ಕ್ಷಣವೇ ಫೈಲಿಗೆ ಬರೆಯಿರಿ: ತಾತ್ಕಾಲಿಕ ಫೈಲಿಗೆ ಬರೆದು, ಎಫ್‌ಸಿಂಕ್ ಮಾಡಿ (ಡಿಸ್ಕ್‌ಗೆ ನಿಜವಾಗಿ ಬರೆಸಿ), ಆಮೇಲೆ ಹೆಸರು ಬದಲಿಸಿ. ವಾಲ್‌ಟೈಮ್ ಮುಗಿದು ಸ್ಲರ್ಮ್ ನಿಮ್ಮ ಪ್ರೋಗ್ರಾಂ ಕೊಂದರೂ ಆಚೆ ಕಡೆ ಜಾಬ್ ಬದುಕಿರುತ್ತದೆ, ಓಡುತ್ತದೆ, ನಿಮ್ಮ ಸೆಕೆಂಡ್ ತಿನ್ನುತ್ತದೆ. ಐಡಿ ಇದ್ದರೆ ಎರಡು ದಿನ ಬಿಟ್ಟು ಬಂದರೂ ಫಲಿತಾಂಶ ಎಳೆದುಕೊಳ್ಳಬಹುದು. ಮಳೆಗಾಲದಲ್ಲಿ ಕರೆಂಟ್ ಹೋಗಿ ನೋಡ್ ಬಿದ್ದರೂ ಇದೇ ಕಾಯುತ್ತದೆ. ಇದರ ಜೊತೆಗೆ ಪ್ರತಿ ಜಾಬ್‌ಗೆ ಒಂದು ಟ್ಯಾಗ್ ಕೊಡಿ, ಕಳಿಸುವ ಮುನ್ನ ಅದೇ ಟ್ಯಾಗ್‌ನ ಜಾಬ್ ಆಗಲೇ ಇದೆಯೇ ಎಂದು ಕೇಳಿ. ಸ್ಕ್ರಿಪ್ಟ್ ಎರಡು ಸಲ ಓಡಿದರೂ ಜಾಬ್ ಒಂದೇ ಹೋಗಬೇಕು.

ಕಾಯುವುದಕ್ಕೆ ನೋಡ್ ಹಿಡಿಯಬೇಡಿ. 15 ನಿಮಿಷಕ್ಕೊಮ್ಮೆ ಸ್ಥಿತಿ ನೋಡುವ ಸಣ್ಣ ಸ್ಕ್ರಿಪ್ಟನ್ನು ಸ್ಲರ್ಮ್‌ನ ಸಮಯಪಟ್ಟಿಯಾದ ಸ್ಕ್ರಾನ್‌ಟ್ಯಾಬ್‌ಗೆ ಹಾಕಿ. ಅಡ್ಮಿನ್ ಅದನ್ನು ತೆರೆದಿಡದಿದ್ದರೆ ಲಾಗಿನ್ ನೋಡ್‌ನ ಕ್ರಾನ್ ಆದರೂ ಸರಿ. ಫಲಿತಾಂಶ ಬಂದಾಗ ಆ ಸ್ಕ್ರಿಪ್ಟೇ ಮೂರನೇ ತುಂಡನ್ನು, ಅಂದರೆ ನಂತರದ ಲೆಕ್ಕವನ್ನು, ಎಸ್‌ಬ್ಯಾಚ್ ಮಾಡಲಿ. ತುಂಡುಗಳನ್ನು ಡಿಪೆಂಡೆನ್ಸಿ ಆಫ್ಟರ್‌ಓಕೆಯಿಂದ (ಹಿಂದಿನದು ಸರಿಯಾಗಿ ಮುಗಿದರೆ ಮಾತ್ರ ಶುರು) ಕಟ್ಟುವುದಾದರೆ, ಹಿಂದಿನದು ಸತ್ತಾಗ ಮುಂದಿನದು ಪಾಳಿಯಲ್ಲಿ ಶಾಶ್ವತವಾಗಿ ನೇತಾಡುತ್ತದೆ. ಕಿಲ್-ಆನ್-ಇನ್‌ವ್ಯಾಲಿಡ್-ಡೆಪ್ ಅನ್ನು ಯೆಸ್ ಮಾಡಿಡಿ.

ಎಂಟು ಸಲ ಜಾಬ್ ಹೋಗುವುದು ಎಂಪಿಐನ ಹಳೆಯ ಕಥೆ: ಎಂಟು ಪ್ರೋಸೆಸ್ಸೂ ಅದೇ ಸಾಲನ್ನು ಓದುತ್ತವೆ. ಹೊರಗಿನ ಜೊತೆ ಮಾತಾಡುವುದು ರ‍್ಯಾಂಕ್ 0 ಮಾತ್ರ, ಬಂದದ್ದನ್ನು ಬ್ರಾಡ್‌ಕಾಸ್ಟ್ ಮಾಡಲಿ. ಇಲ್ಲಿ ಎರಡು ಗುಂಡಿಗಳಿವೆ. ರ‍್ಯಾಂಕ್ 0 ನೆಟ್‌ವರ್ಕ್ ಎರರ್‌ನಿಂದ ಬಿದ್ದರೆ ಉಳಿದ ಏಳೂ ಬ್ರಾಡ್‌ಕಾಸ್ಟ್‌ಗಾಗಿ ಕೊನೆಯಿಲ್ಲದೆ ಕಾಯುತ್ತವೆ. ಪೈಥಾನ್ ಪ್ರೋಗ್ರಾಂ ಅನ್ನು ಮೈನಸ್-ಎಂ ಎಂಪಿಐ4ಪೈ ಮೂಲಕ ಓಡಿಸಿದರೆ ಒಂದು ಬಿದ್ದಾಗ ಎಲ್ಲವೂ ನಿಲ್ಲುತ್ತವೆ. ಇನ್ನೊಂದು: ಆಪ್ಟಿಮೈಜರ್ ಎಲ್ಲ ರ‍್ಯಾಂಕ್‌ಗಳಲ್ಲೂ ಓಡುತ್ತಿದ್ದು ರ‍್ಯಾಂಡಮ್ ಸೀಡ್ ಬೇರೆ ಬೇರೆ ಆಗಿದ್ದರೆ, ಎರಡನೇ ಸುತ್ತಿಗೆ ಎಂಟು ರ‍್ಯಾಂಕ್ ಎಂಟು ದಿಕ್ಕಿಗೆ ಹೋಗಿರುತ್ತವೆ. ಪ್ರೋಗ್ರಾಂ ಬೀಳುವುದಿಲ್ಲ, ಉತ್ತರ ಮಾತ್ರ ಹಾಳು. ಹೀಗೆ ಸದ್ದಿಲ್ಲದೆ ಕೆಡುವುದೇ ಹೆಚ್ಚು ಅಪಾಯ.

ಥ್ರೆಡ್ ಎಣಿಕೆಯನ್ನೂ ನೋಡಿ. ಕಿಸ್ಕಿಟ್ ಏರ್ ಸಿಮ್ಯುಲೇಟರ್ ತಾನಾಗಿ ಬಿಟ್ಟರೆ ಕಂಡಷ್ಟು ಕೋರ್ ಹಿಡಿಯುತ್ತದೆ. ಒಂದೇ ನೋಡ್‌ನಲ್ಲಿ 8 ಪ್ರೋಸೆಸ್, ತಲಾ 32 ಥ್ರೆಡ್ ಎಂದರೆ 32 ಕೋರ್ ಮೇಲೆ 256 ಥ್ರೆಡ್. ಒಎಂಪಿ ಥ್ರೆಡ್ ಸಂಖ್ಯೆಯನ್ನು 4ಕ್ಕೆ ಕಟ್ಟಿ, ಸಿಪಿಯುಸ್-ಪರ್-ಟಾಸ್ಕ್ ಕೂಡ 4. ಸ್ಲರ್ಮ್ 22.05 ಮತ್ತು ಅದರ ನಂತರದ ಕೆಲವು ಆವೃತ್ತಿಗಳಲ್ಲಿ ಎಸ್‌ಬ್ಯಾಚ್‌ಗೆ ಕೊಟ್ಟ ಆ ಸಂಖ್ಯೆ ಎಸ್‌ರನ್‌ಗೆ (ಜಾಬ್ ಒಳಗೆ ಪ್ರೋಸೆಸ್ ಶುರುಮಾಡುವ ಆದೇಶ) ತಾನಾಗಿ ಇಳಿಯುವುದಿಲ್ಲ. ಎಸ್‌ರನ್ ಸಾಲಿನಲ್ಲೂ ಮತ್ತೆ ಬರೆಯಬೇಕು. ಹಳೇ ಸ್ಕ್ರಿಪ್ಟ್ ಹೊಸ ಕ್ಲಸ್ಟರ್‌ಗೆ ತಂದವರು ಎಡವುವುದು ಇಲ್ಲೇ.

10 ನಿಮಿಷವನ್ನು ಹಲವರು ಹಂಚಿಕೊಳ್ಳುತ್ತಿದ್ದರೆ ಸ್ಲರ್ಮ್ ಕಾನ್ಫಿಗ್‌ನಲ್ಲಿ ಲೈಸೆನ್ಸಸ್ ಸಾಲಿಗೆ ಕ್ಯೂಪಿಯು:1 ಎಂದು ಹಾಕಿಸಿ. ಕಳಿಸುವ ಜಾಬ್ ಮೈನಸ್-ಎಲ್ ಕ್ಯೂಪಿಯು:1 ಕೇಳಲಿ. ಒಮ್ಮೆಗೆ ಒಬ್ಬರೇ ಕಳಿಸುವಂತಾಗುತ್ತದೆ. ಟೋಕನ್ ಅನ್ನು ಸ್ಕ್ರಿಪ್ಟ್‌ನಲ್ಲಿ ಬರೆಯಬೇಡಿ, ಜಾಬ್ ಸ್ಕ್ರಿಪ್ಟ್‌ನ ಪ್ರತಿ ಸ್ಲರ್ಮ್‌ನಲ್ಲಿ ಉಳಿಯುತ್ತದೆ, ಗಿಟ್‌ಗೂ ಹೋಗಿಬಿಡುತ್ತದೆ. ಹೋಂ ಡೈರೆಕ್ಟರಿಯಲ್ಲಿ 600 ಅನುಮತಿಯ ಫೈಲ್ ಸಾಕು.

---

ತೋಳನಕೆರೆ_32ಬಿಟ್

ಜಿಪಿಯು ಬಗ್ಗೆ ಯಾರೂ ಹೇಳಲಿಲ್ಲ. 4 ಕ್ಯೂಬಿಟ್‌ನ ಸ್ಟೇಟ್ ವೆಕ್ಟರ್ (ಸಿಮ್ಯುಲೇಟರ್ ಇಟ್ಟುಕೊಳ್ಳುವ ಪೂರ್ತಿ ಸ್ಥಿತಿ) ಅಂದರೆ 16 ಸಂಕೀರ್ಣ ಸಂಖ್ಯೆ, ತಲಾ 16 ಬೈಟ್, ಒಟ್ಟು 256 ಬೈಟ್. ಅದಕ್ಕೆ 24 ಜಿಬಿಯ ಜಿಪಿಯು ಹಿಡಿದಿದ್ದೀರಿ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ! ಬಳಕೆ 0 ಶೇಕಡಾ ತೋರಿಸುವುದರಲ್ಲಿ ಆಶ್ಚರ್ಯವಿಲ್ಲ. ಕೆಲಸ ಬಂದಾಗಲೂ ಕರ್ನಲ್ ಶುರುಮಾಡುವ ಹೊತ್ತೇ ಲೆಕ್ಕದ ಹೊತ್ತಿಗಿಂತ ಜಾಸ್ತಿ. ಸುಮಾರು 20 ಕ್ಯೂಬಿಟ್‌ವರೆಗೆ ಸಿಪಿಯು ಸಾಕು.

ಮುಂದೆ ಬೇಕಾಗುವ ಲೆಕ್ಕ ಇದು. ಡಬಲ್ ನಿಖರತೆಯಲ್ಲಿ 30 ಕ್ಯೂಬಿಟ್‌ಗೆ 16 ಜಿಬಿ, ಒಂದು ಕ್ಯೂಬಿಟ್ ಏರಿದರೆ ದುಪ್ಪಟ್ಟು. ನಿಮ್ಮ 24 ಜಿಬಿ ಜಿಪಿಯುನಲ್ಲಿ ಡಬಲ್‌ನಲ್ಲಿ 30, ಸಿಂಗಲ್‌ನಲ್ಲಿ 31. ಒಂದು ನೋಡ್‌ನ 128 ಜಿಬಿಯಲ್ಲಿ 32. 33ಕ್ಕೆ ಪೂರ್ತಿ 128 ಬೇಕು, ಆಪರೇಟಿಂಗ್ ಸಿಸ್ಟಮ್‌ಗೆ ಜಾಗ ಉಳಿಯುವುದಿಲ್ಲ. ನಾಲ್ಕೂ ನೋಡ್ ಸೇರಿಸಿದರೆ 34: ಒಟ್ಟು 256 ಜಿಬಿ, ನೋಡ್‌ಗೆ 64. ಕಾಗದದ ಮೇಲೆ ಕೂಡುತ್ತದೆ, ಓಡುವುದಿಲ್ಲ. ಮೇಲಿನ ಎರಡು ಕ್ಯೂಬಿಟ್‌ಗಳ ಮೇಲೆ ಗೇಟ್ ಬಂದಾಗ ಪ್ರತಿ ನೋಡ್ ತನ್ನ ಅರ್ಧ ವೆಕ್ಟರ್ ಅನ್ನು ಪಕ್ಕದ ನೋಡ್ ಜೊತೆ ಬದಲಿಸಬೇಕು, ಅಂದರೆ 32 ಜಿಬಿ. 1 ಗಿಗಾಬಿಟ್ ತಂತಿ ಸೆಕೆಂಡಿಗೆ ಸುಮಾರು 118 ಎಂಬಿ ಸಾಗಿಸುತ್ತದೆ, ಹಾಗಾಗಿ ಒಂದೇ ಗೇಟಿಗೆ ಐದು ನಿಮಿಷದ ಹತ್ತಿರ. 100 ಗಿಗಾಬಿಟ್ ಇನ್ಫಿನಿಬ್ಯಾಂಡ್ ಇದ್ದರೆ ಅದೇ ಕೆಲಸ ಮೂರು ಸೆಕೆಂಡ್. ಹಾಗಾಗಿ ನಿಮ್ಮಲ್ಲಿ ಒಂದು ದೊಡ್ಡ ವೆಕ್ಟರ್ ಹಂಚುವ ಯೋಚನೆ ಬೇಡ. ನೋಡ್‌ಗೊಂದು ಪೂರ್ತಿ ಸಿಮ್ಯುಲೇಶನ್ ಕೊಟ್ಟು ಬೇರೆ ಬೇರೆ ಅಂತರ, ಬೇರೆ ಬೇರೆ ಆರಂಭ ಬಿಂದು ಓಡಿಸಿ. ಆಗ ತಂತಿಯ ಮೇಲೆ ಹೋಗುವುದು ಬರೀ ಒಂದೆರಡು ಸಂಖ್ಯೆ.

ಕುಡಾ-ಕ್ಯೂ (ಎನ್ವಿಡಿಯಾದ ಕ್ವಾಂಟಂ ಲೈಬ್ರರಿ) ಬಳಸುವವರಿಗೂ ಇದೇ ಭೇದ. ಎಂಜಿಪಿಯು ಆಯ್ಕೆ ಎಂದರೆ ಒಂದೇ ವೆಕ್ಟರ್ ಅನ್ನು ಹಲವು ಜಿಪಿಯು ಮೇಲೆ ಹರಡುವುದು, ಎಂಕ್ಯೂಪಿಯು ಎಂದರೆ ಪ್ರತಿ ಜಿಪಿಯು ಒಂದೊಂದು ಸ್ವತಂತ್ರ ಕ್ವಾಂಟಂ ಯಂತ್ರದಂತೆ ವರ್ತಿಸುವುದು. ಹೆಸರು ಒಂದೇ ಅಕ್ಷರದಷ್ಟು ಬೇರೆ, ಕೆಲಸ ಪೂರ್ತಿ ಬೇರೆ. ವಿಕ್ಯೂಇಗೆ ಬೇಕಾದದ್ದು ಬಹುತೇಕ ಎರಡನೆಯದು.

ಇನ್ನೊಂದು, ಕಿಸ್ಕಿಟ್ 2.0ರಲ್ಲಿ ಹಳೆಯ ಮೊದಲ ಆವೃತ್ತಿಯ ಎಸ್ಟಿಮೇಟರ್ (ಸರಾಸರಿ ಬೆಲೆ ಕೊಡುವುದು), ಸ್ಯಾಂಪ್ಲರ್ (ಅಳೆದ ಬಿಟ್‌ಗಳನ್ನು ಕೊಡುವುದು) ತೆಗೆದುಹಾಕಿದ್ದಾರೆ. ಅಂತರ್ಜಾಲದ ಅರ್ಧಕ್ಕರ್ಧ ಉದಾಹರಣೆಗಳು ಅವನ್ನೇ ನಂಬಿಕೊಂಡಿವೆ. ಕೆಲಸ ಮಾಡುವ ಆವೃತ್ತಿಗಳ ಜೋಡಿ ಸಿಕ್ಕ ದಿನವೇ ಆಪ್‌ಟೇನರ್ ಇಮೇಜ್ (ಬೇಕಾದ ಸಾಫ್ಟ್‌ವೇರ್ ಎಲ್ಲ ಒಂದೇ ಫೈಲಿನಲ್ಲಿ) ಮಾಡಿ ಮೊಹರು ಹಾಕಿಬಿಡಿ. ಎಂಪಿಐ ಮಾತ್ರ ಇಮೇಜ್ ಒಳಗಿನದೂ ಹೊರಗಿನದೂ ಒಂದೇ ತಳಿಯದಿರಲಿ. ಓಪನ್‌ಎಂಪಿಐ ಒಳಗೆ, ಎಂಪಿಐಸಿಎಚ್ ಹೊರಗೆ ಇದ್ದರೆ ಎಂಟು ಪ್ರೋಸೆಸ್ ಎಂಟೂ ತಾನೇ ರ‍್ಯಾಂಕ್ 0 ಅಂದುಕೊಳ್ಳುತ್ತವೆ. ನಿಮ್ಮ ಎಂಟು ಜಾಬ್‌ಗೆ ಅದೂ ಕಾರಣವಾಗಿರಬಹುದು. ಮೊದಲು ರ‍್ಯಾಂಕ್ ಸಂಖ್ಯೆ ಪ್ರಿಂಟ್ ಮಾಡಿ ನೋಡಿ.

---

ಸಪ್ತಾಪುರ_ಬಾವಿ

ರ‍್ಯಾಂಕ್ ಪ್ರಿಂಟ್ ಮಾಡಿದರೆ ಎಂಟೂ ಸೊನ್ನೆ! ಇಮೇಜ್ ಸರಿಮಾಡಿ, ಮೂರು ತುಂಡು ಮಾಡಿ, ಸಿಝಡ್ ಆನ್ಸಾಟ್ಜ್ ಹಾಕಿ ಮೂರು ಬಿಂದುಗಳ ಒಂದೇ ಜಾಬ್ ಕಳಿಸಿದೆ. ಸಿಮ್ಯುಲೇಟರ್‌ನಲ್ಲಿ ಸೊನ್ನೆ ಬಿಂದು −7.862, ಕನಿಷ್ಠ −7.881. ಯಂತ್ರದಲ್ಲಿ ಸೊನ್ನೆ ಬಿಂದು −7.801, ಕನಿಷ್ಠ −7.818. ಎರಡೂ ಮೇಲಕ್ಕೆ ಹೋಗಿವೆ. ನಾಯ್ಸ್ ತಿದ್ದುವ ಝಡ್‌ಎನ್‌ಇ ಹಚ್ಚಲೇ? ಮತ್ತೆ, ಲೂಪಿನಿಂದ ಯಂತ್ರವನ್ನು ಹೊರಗಿಟ್ಟ ಮೇಲೆ ಎಸ್‌ಕ್ಯೂಡಿ ಎಂಬುದು ಇದಕ್ಕಿಂತ ಒಳ್ಳೆಯದು ಎನ್ನುತ್ತಾರೆ, ಅದು ನಮ್ಮ ಕ್ಲಸ್ಟರ್‌ಗೆ ಆಗುತ್ತದೆಯೇ?

---

ಉಣಕಲ್_ರ‍್ಯಾಂಕ್_ಸೊನ್ನೆ

ಸಂಖ್ಯೆ ಛಲೋ ಅದಾವ್ರಿ. ಸೊನ್ನೆ ಬಿಂದುವಿನ್ಯಾಗ ಖರೇ ಉತ್ತರ ಗೊತ್ತೈತಿ, ಅಲ್ಲಿ 0.061 ಮ್ಯಾಲೆ ಹೋಗೈತಿ. ಸರ್ಕ್ಯೂಟ್ ಅದ, ಗೇಟ್ ಎಣಿಕಿ ಅದ, ಕ್ಯೂಬಿಟ್ ಅವ. ಹಂಗಾದ್ರ ಕನಿಷ್ಠ ಬಿಂದುವಿನ್ಯಾಗೂ ಹೆಚ್ಚುಕಡಿಮಿ ಅಷ್ಟ ತಪ್ಪು ಅಂತ ಹಿಡದು ಕಳೀರಿ: −7.818ರಾಗ 0.061 ಕಳದ್ರ −7.879. ಸಿಮ್ಯುಲೇಟರ್‌ಗೆ 2 ಮಿಲಿಹಾರ್ಟ್ರೀ ದೂರ. ಹೆಚ್ಚಿನ ಖರ್ಚಿಲ್ಲದ ತಿದ್ದುಪಡಿ ಇದು.

ಆದ್ರ ಆ 2ನ್ನ ನಂಬಿ ಕುಣೀಬ್ಯಾಡ್ರಿ. ರಸಾಯನ ಶಾಸ್ತ್ರದವರು ಕೇಳೋ ನಿಖರತೆ 1.6 ಮಿಲಿಹಾರ್ಟ್ರೀ. ಶಾಟ್‌ನ ತಪ್ಪು ಶಾಟ್ ಸಂಖ್ಯೆಯ ವರ್ಗಮೂಲದಂಗ ಇಳೀತೈತಿ. ಪದಗಳ ಗುಣಾಂಕ ಎಲ್ಲಾ ಕೂಡಿ 1 ಹಾರ್ಟ್ರೀ ಆಸುಪಾಸು ಅಂತ ಹಿಡದ್ರ ಅಷ್ಟು ನಿಖರತೆಗೆ 4 ಲಕ್ಷದ ಹತ್ತಿರ ಶಾಟ್ ಬೇಕು. ನಿಮ್ಮದು 1 ಲಕ್ಷ. ಅಂದ್ರ ನಿಮ್ಮ ಅಳತಿಯ ನಡುಗೂದ ಆ 2ಕ್ಕಿಂತ ದೊಡ್ಡದು. ಎಸ್ಟಿಮೇಟರ್ ಸರಾಸರಿ ಜೋಡಿ ಪ್ರಮಾಣಿತ ದೋಷಾನೂ ಕೊಡತೈತಿ, ಅದನ್ನ ಬಿಟ್ಟು ಬರೇ ಸರಾಸರಿ ಬರೀಬ್ಯಾಡ್ರಿ.

ಝಡ್‌ಎನ್‌ಇ ಈಗ ಬ್ಯಾಡ. ನಾಯ್ಸ್ ಬೇಕಂತ ಮೂರು ಮಟ್ಟಕ್ಕ ಏರಿಸಿ ಅಳದು ಹಿಂದಕ್ಕ ಗೆರಿ ಎಳಿಯೂದು ಅದು, ಖರ್ಚು ಕಮ್ಮಿ ಅಂದ್ರ ಮೂರು ಪಟ್ಟು, ನಡುಗೂದೂ ಜಾಸ್ತಿ. ರೆಸಿಲಿಯನ್ಸ್ ಮಟ್ಟ 1 ಇಡ್ರಿ, ಓದೋ ತಪ್ಪು ತಿದ್ದೋ ಟ್ರೆಕ್ಸ್ ಅದರಾಗ ಬರತೈತಿ. ಮಟ್ಟ 2 ಇಟ್ರ ಝಡ್‌ಎನ್‌ಇ ಸುಮ್ಮ ಹಿಂದ ಬರತೈತಿ, ಗೊತ್ತಿಲ್ಲದ ಸೆಕೆಂಡ್ ಕರಗತಾವು.

ಮುಂದ ಬ್ಯಾರೆ ಅಣು ಹಚ್ಚಿದಾಗ ಈ ಎರಡು ನೆನಪಿರಲಿ. ಸರ್ಕ್ಯೂಟ್ ಟ್ರಾನ್ಸ್‌ಪೈಲ್ ಆದಮ್ಯಾಲ 4 ಕ್ಯೂಬಿಟ್ ಹೋಗಿ ಯಂತ್ರದಷ್ಟು, ಐಬಿಎಂನ ಹೆರಾನ್ ಚಿಪ್ ಆದ್ರ 156, ಆಗಿರತೈತಿ. ಹ್ಯಾಮಿಲ್ಟೋನಿಯನ್‌ಗೂ ಅದ ಲೇಔಟ್ ಅಪ್ಲೈ ಮಾಡಬೇಕು. ಮರತ್ರ ಎರರ್ ಬರತೈತಿ, ಅದು ಪುಣ್ಯ. ಎರರ್ ಬರದ ಕೆಡಿಸೋದು ಬಿಟ್ ಕ್ರಮ: ಕಿಸ್ಕಿಟ್ ಕ್ಯೂಬಿಟ್ 0ಯನ್ನ ಬಲಕ್ಕ ಬರೀತೈತಿ, ಪೆನ್ನಿಲೇನ್ ಅನ್ನೋ ಇನ್ನೊಂದು ಲೈಬ್ರರಿ ಎಡಕ್ಕ. ಜೋರ್ಡನ್-ವಿಗ್ನರ್ ಮ್ಯಾಪಿಂಗ್‌ದಾಗ ಕಿಸ್ಕಿಟ್ ನೇಚರ್ ಮೊದಲ ಮ್ಯಾಲ್‌ಸ್ಪಿನ್ ಎಲ್ಲಾ, ಆಮ್ಯಾಲ ಕೆಳಸ್ಪಿನ್ ಎಲ್ಲಾ ಇಡತೈತಿ. ಓಪನ್‌ಫರ್ಮಿಯಾನ್ ಒಂದು ಅದು ಒಂದು ಇದು ಅಂತ ಹೆಣೀತೈತಿ. ಒಂದರ ಹ್ಯಾಮಿಲ್ಟೋನಿಯನ್ ಇನ್ನೊಂದರ ಸರ್ಕ್ಯೂಟಿಗೆ ಹಚ್ಚಿದ್ರ ಉತ್ತರ ಬರತೈತಿ, ತಪ್ಪು ಬರತೈತಿ. ಸೊನ್ನೆ ಬಿಂದು ಪರೀಕ್ಷೆ ಇದನ್ನೂ ಹಿಡಕೊಡತೈತಿ.

---

ಬ್ಯಾಡಗಿ_ಬಿಟ್‌ಸ್ಟ್ರಿಂಗ್

ಎಸ್‌ಕ್ಯೂಡಿ ನಿಮ್ಮ ಮೂರು ತುಂಡಿನ ಜೋಡಣೆಗೆ ಹೇಳಿ ಮಾಡಿಸಿದ ಹಾಗಿದೆ. ಅಲ್ಲಿ ಕ್ವಾಂಟಂ ಯಂತ್ರ ಶಕ್ತಿ ಅಳೆಯುವುದೇ ಇಲ್ಲ. ಪೌಲಿ ಗುಂಪು ಇಲ್ಲ, ಒಂದೇ ಆಧಾರದಲ್ಲಿ ಅಳೆದು ಬಿಟ್‌ಸ್ಟ್ರಿಂಗ್ ಕೊಡುತ್ತದೆ. ಆ ಬಿಟ್‌ಸ್ಟ್ರಿಂಗ್ ಒಂದೊಂದೂ ಎಲೆಕ್ಟ್ರಾನ್‌ಗಳು ಯಾವ ಕಕ್ಷೆಯಲ್ಲಿವೆ ಎಂಬ ಒಂದು ವಿನ್ಯಾಸ. ನಾಯ್ಸ್‌ನಿಂದ ಎಲೆಕ್ಟ್ರಾನ್ ಸಂಖ್ಯೆ ತಪ್ಪಿದವನ್ನು ಸರಾಸರಿ ತುಂಬುವಿಕೆ ನೋಡಿ ತಿದ್ದುತ್ತಾರೆ, ಆಮೇಲೆ ಆ ವಿನ್ಯಾಸಗಳಷ್ಟೇ ಇರುವ ಸಣ್ಣ ಜಾಗದಲ್ಲಿ ಹ್ಯಾಮಿಲ್ಟೋನಿಯನ್ನನ್ನು ಡೇವಿಡ್‌ಸನ್ ವಿಧಾನದಿಂದ ಕರ್ಣೀಕರಿಸುತ್ತಾರೆ, ಅಂದರೆ ಅಲ್ಲಿನ ಅತಿ ಕಡಿಮೆ ಶಕ್ತಿ ಹುಡುಕುತ್ತಾರೆ. ಹೊಸ ಸರಾಸರಿ ಬರುತ್ತದೆ, ಮತ್ತೆ ತಿದ್ದುವುದು. ಈ ಲೂಪ್ ಪೂರ್ತಿ ಕ್ಲಾಸಿಕಲ್ ಕಡೆಯೇ ಸುತ್ತುತ್ತದೆ. ಯಂತ್ರದ ಕೆಲಸ ಒಂದೇ ಸಲ. ಬರುವ ಶಕ್ತಿ ಎಂದೂ ನಿಖರ ಬೆಲೆಗಿಂತ ಕೆಳಗೆ ಇಳಿಯುವುದಿಲ್ಲ ಎಂಬ ಖಾತ್ರಿಯೂ ಇದೆ. ಮೇಲಿನ ಹಾಗೆ ಕಳೆದು ತಿದ್ದಿದ ಸಂಖ್ಯೆಗೆ ಆ ಖಾತ್ರಿ ಇಲ್ಲ.

ಐಬಿಎಂ ಮತ್ತು ಜಪಾನಿನ ರಿಕೆನ್ ಸೇರಿ ಮಾಡಿದ ಕೆಲಸದಲ್ಲಿ ಕಬ್ಬಿಣ-ಗಂಧಕದ ನಾಲ್ಕು-ನಾಲ್ಕರ ಗೊಂಚಲಿಗೆ, ಅಂದರೆ 36 ಕಕ್ಷೆಯಲ್ಲಿ 54 ಎಲೆಕ್ಟ್ರಾನ್‌ಗೆ, ಹೆರಾನ್‌ನ 77 ಕ್ಯೂಬಿಟ್ ಬಳಸಿದರು. ಕ್ಲಾಸಿಕಲ್ ಕಡೆ ಫುಗಾಕು ಸೂಪರ್‌ಕಂಪ್ಯೂಟರ್‌ನ 6400 ನೋಡ್‌ವರೆಗೆ ಹಚ್ಚಿದರು. ಹಾಗಾಗಿ ಇಲ್ಲಿ ಭಾರ ಬೀಳುವುದು ಯಾವ ಕಡೆ ಎಂದು ಬೇರೆ ಹೇಳಬೇಕಿಲ್ಲ.

ನಿಮ್ಮ ಕ್ಲಸ್ಟರ್‌ಗೆ ಹಿಡಿತದ ಸಂಖ್ಯೆ ಉಪಜಾಗದ ಗಾತ್ರ: ಬೇರೆ ಬೇರೆ ಮೇಲ್‌ಸ್ಪಿನ್ ವಿನ್ಯಾಸಗಳ ಎಣಿಕೆಯನ್ನು ಕೆಳಸ್ಪಿನ್ ಎಣಿಕೆಯಿಂದ ಗುಣಿಸಿ. ತಲಾ 10,000 ಇದ್ದರೆ 10 ಕೋಟಿ, ಒಂದು ವೆಕ್ಟರ್ 800 ಎಂಬಿ. ಡೇವಿಡ್‌ಸನ್ ಹತ್ತಿಪ್ಪತ್ತು ವೆಕ್ಟರ್ ಇಟ್ಟುಕೊಳ್ಳುತ್ತದೆ, ಹಾಗಾಗಿ 16 ಜಿಬಿ. ಒಂದು ನೋಡ್‌ನಲ್ಲಿ ಆರಾಮ. ತಲಾ 30,000 ಆದರೆ ಅದರ ಒಂಬತ್ತು ಪಟ್ಟು, 144 ಜಿಬಿ, ಕೂಡುವುದಿಲ್ಲ. ಮಾದರಿಗಳನ್ನು ಹಲವು ಬ್ಯಾಚ್ ಮಾಡಿ ಒಂದೊಂದು ನೋಡ್‌ಗೆ ಒಂದೊಂದು ಕೊಡುವುದು ಈ ವಿಧಾನದಲ್ಲೇ ಇದೆ, ನಿಮ್ಮ 1 ಗಿಗಾಬಿಟ್ ತಂತಿಗೂ ಹಿಡಿಸುತ್ತದೆ.

ಆದರೆ ಲಿಥಿಯಂ ಹೈಡ್ರೈಡ್ ಮೇಲೆ ಇದನ್ನು ಓಡಿಸಿ ಗೆದ್ದೆವು ಎನ್ನಬೇಡಿ. ಏನನ್ನೂ ಫ್ರೀಜ್ ಮಾಡದೆ ಇಟ್ಟರೂ 6 ಕಕ್ಷೆ, ತಲಾ 2 ಎಲೆಕ್ಟ್ರಾನ್: 15ರ ವರ್ಗ, 225 ವಿನ್ಯಾಸ ಅಷ್ಟೇ. ಕೆಲವು ಸಾವಿರ ಶಾಟ್‌ನಲ್ಲಿ ನಾಯ್ಸ್ ಒಂದೇ ಸಾಕು, ಹೆಚ್ಚುಕಡಿಮೆ 225ನ್ನೂ ತಂದು ಸುರಿಯುತ್ತದೆ, ಉತ್ತರ ನಿಖರ ಬರುತ್ತದೆ, ಕ್ವಾಂಟಂ ಸರ್ಕ್ಯೂಟ್‌ಗೆ ಅದರಲ್ಲಿ ಪಾಲೇ ಇರುವುದಿಲ್ಲ. ಪರೀಕ್ಷೆಗೆ ನೈಟ್ರೋಜನ್ ತೆಗೆದುಕೊಳ್ಳಿ. ಸಿಸಿ-ಪಿವಿಡಿಝಡ್ ಬೇಸಿಸ್‌ನಲ್ಲಿ ಒಳಕಕ್ಷೆ ಫ್ರೀಜ್ ಮಾಡಿದರೆ 26 ಕಕ್ಷೆ, 10 ಎಲೆಕ್ಟ್ರಾನ್: 65,780ರ ವರ್ಗ, 430 ಕೋಟಿಯ ಮೇಲೆ. ಅಲ್ಲಿ ಯಾವ ವಿನ್ಯಾಸ ಆರಿಸಿದಿರಿ ಎಂಬುದು ನಿಜವಾಗಿ ಲೆಕ್ಕಕ್ಕೆ ಬರುತ್ತದೆ. ಪಕ್ಕದಲ್ಲಿ ಎರಡು ಸಾಲು ಇಡಿ: ಅದೇ ಗಾತ್ರದ ಉಪಜಾಗವನ್ನು ಯದ್ವಾತದ್ವಾ ಬಿಟ್‌ಸ್ಟ್ರಿಂಗ್‌ಗಳಿಂದ ತುಂಬಿ ಬಂದ ಶಕ್ತಿ ಒಂದು, ಪೈಎಸ್‌ಸಿಎಫ್‌ನ ಸೆಲೆಕ್ಟೆಡ್ ಸಿಐ (ಮುಖ್ಯ ವಿನ್ಯಾಸಗಳನ್ನು ಕ್ಲಾಸಿಕಲ್ ಆಗಿಯೇ ಆರಿಸುವ ವಿಧಾನ) ಕೊಟ್ಟ ಶಕ್ತಿ ಇನ್ನೊಂದು. ಯಂತ್ರದಿಂದ ಬಂದ ಮಾದರಿ ಮೊದಲನೆಯದನ್ನು ಹಿಂದೆ ಹಾಕದಿದ್ದರೆ ಸರ್ಕ್ಯೂಟ್ ಬದಲಿಸಿ, ಶಾಟ್ ಏರಿಸಬೇಡಿ.